ಕಾಕಾನ ಕರೆಂಟ್ ಪೇಟಿ

ನಮ್ಮ ಕಾಕಾನಿಗೆ ಸಂಗೀತ ಬರುತ್ತದೆ ಎಂದು ಇಡೀ ಇಂಡಿ ಊರಲ್ಲಿ ಯಾರೂ ಇದುವರೆಗೆ ಆರೋಪ ಹೊರಿಸಿಲ್ಲ. ಆದರೂ ಆತ ಒಂದು ಎಲ್.ಪಿ. ರೆಕಾರ್ಡ್ ತರಲು ಹೊರಟಿದ್ದ! ಅದೂ ಎಂಥದ್ದು? ತಬಲಾ ಇಲ್ಲ, ಪಿಟೀಲು ಇಲ್ಲ, ಊದುವ ವಾದ್ಯವೂ ಇಲ್ಲ. ಪೂರಾ ಕರೆಂಟಿನಿಂದ ಹುಟ್ಟಿದ ಸಂಗೀತ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರ ಅಂಚಿನಲ್ಲಿ ಕಾಕಾನ ಮನೆ, ಮನೆಯ ಮುಂದಿನ ಖೋಲಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ರಿಪೇರಿಗೆ ಬಂದ ರೇಡಿಯೋವನ್ನು ಮಾಲೀಕರಿಗಿಂತ ಹೆಚ್ಚು ದಿನ ಕೇಳಿದವನು ಆತನೇ. ಹಾಗೆ ಸಿಂದಗಿಯ ಹತ್ತಿ ವ್ಯಾಪಾರಿಯೊಬ್ಬರ ರೇಡಿಯೋ ತಿರುವುತ್ತಿದ್ದಾಗ ಯಾವುದೋ ವಿಲಾಯತಿ ಹುಡುಗರ ಹಾಡು ಸಿಕ್ಕಿತು. ವಾದ್ಯವೆಲ್ಲ ಯಂತ್ರದ್ದೇ. ಕಾಕಾ ಕಣ್ಣು ಮುಚ್ಚಿ ಕೂತುಬಿಟ್ಟ.

"ಇದಕ್ಕ ನವತರಂಗ ಅಂತಾರ. ಮುಂದ ಎಲ್ಲಾ ಹಿಂಗ ಬರೂದು" ಎಂದ.

"ರೇಡಿಯೋ ಕೆಟ್ಟೈತಿ, ಅದಕ್ಕ ಹಂಗ ಒದರಾಕತ್ತೈತಿ. ಮೊದಲ ರಿಪೇರಿ ಮಾಡ್ರಿ" ಎಂದಳು ಕಕ್ಕಿ, ಅಂದರೆ ಆತನ ಹೆಂಡತಿ.

ಕಾಕಾ ರಿಪೇರಿ ಬಿಟ್ಟ. ಮನೆಯಲ್ಲಿದ್ದ ಹಾರ್ಮೋನಿಯಂ ಪೇಟಿಯ ಹೊಟ್ಟೆ ಸೀಳಿ, ಕರುಳು ತೆಗೆದು, ತಂತಿ ಮತ್ತು ಟ್ರಾನ್ಸಿಸ್ಟರ್ ತುಂಬಿದ. ಒಂದೊಂದು ಸ್ವರದ ಮನೆ ಒತ್ತಿದರೆ ಒಂದೊಂದು ಬಗೆಯ ಊಳಿಡುವಿಕೆ! ತಾಳಕ್ಕೆ? ಬಸವನ ಬಾಗೇವಾಡಿಯ ಗುಜರಿಯಿಂದ ಹಳೆ ಲಾರಿಯೊಂದರ ಇಂಡಿಕೇಟರ್ ಯಂತ್ರ ತಂದು ಬ್ಯಾಟರಿಗೆ ಕಟ್ಟಿದ. ಟಿಕ್, ಟಿಕ್, ಟಿಕ್. ಒಮ್ಮೆಯೂ ತಾಳ ತಪ್ಪುತ್ತಿರಲಿಲ್ಲ. ಇಡೀ ಮೇಳದಲ್ಲಿ ಸಂಗೀತಜ್ಞಾನ ಇದ್ದದ್ದು ಅದೊಂದಕ್ಕೇ.

ಹಾಡಲು ಊರಲ್ಲಿ ಯಾರೂ ಒಪ್ಪಲಿಲ್ಲ. ಕಕ್ಕಿಗೆ ಬೀಸುವ ಪದಗಳು ಬರುತ್ತಿದ್ದವು. ಮೇಲಾಗಿ ಅವಳು ಅದೇ ಮನೆಯಲ್ಲಿದ್ದಳು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದವನು, ಟೇಪ್ ರೆಕಾರ್ಡರ್ ನನ್ನ ಪಾಲಿಗೆ ಬಂತು. ದಿನಚರಿ ಬರೆಯುವ ನನ್ನ ಚಟ ಗೊತ್ತಿದ್ದ ಕಕ್ಕಿ, ಫ್ಯೂಜ್ ಹೋದಾಗಲೆಲ್ಲ ಕತ್ತಲೆಯಿಂದಲೇ ಕೂಗುತ್ತಿದ್ದಳು: "ಬರಕೋಪಾ, ಹನ್ನೊಂದನೇದ್ದು!"

ಮೊದಲ ಕಾರ್ಯಕ್ರಮ ಮುದ್ದೇಬಿಹಾಳದ ಒಂದು ಮದುವೆಯಲ್ಲಿ. ಪೇಟಿ ಊಳಿಟ್ಟಿತು, ಟಿಕ್ ಟಿಕ್ ಶುರುವಾಯಿತು. ಬೀಗರನ್ನು ಕರೆತಂದಿದ್ದ ಲಾರಿ ಡ್ರೈವರ್ ಊಟ ಬಿಟ್ಟೆದ್ದು ತನ್ನ ಲಾರಿಯ ಇಂಡಿಕೇಟರ್ ನೋಡಿಬಂದ. ಎರಡು ಸಲ! ಆದರೆ ಅದೇ ಪಂಕ್ತಿಯಲ್ಲಿ ಬಿಜಾಪುರದ ರೆಕಾರ್ಡ್ ಏಜೆಂಟರೊಬ್ಬರು ಹೋಳಿಗೆ ತಿನ್ನುತ್ತಿದ್ದರು. ಕೈ ತೊಳೆದು ನೇರ ಬಂದರು.

"ಮುಂಬೈದಾಗ ಈಗ ಇಂಥಾದ್ದನ್ನ ಹುಡುಕಾಕತ್ತಾರ್ರಿ. ಆರು ಹಾಡು ಟೇಪ್ ಮಾಡಿ ಕೊಡ್ರಿ. ಬರೂ ವಾರ ನಾ ಹೊಂಟೇನಿ, ರೆಕಾರ್ಡ್ ಪ್ಲೇಟ್ ಮಾಡಸ್ತೇನಿ."

ಹೋಳಿಗೆಯ ಅಮಲಿನಲ್ಲಿ ಹೇಳಿದ್ದೋ ಏನೋ! ಕಾಕಾ ಮಾತ್ರ ಅಂದಿನಿಂದ ನೆಲದ ಮೇಲೆ ನಡೆಯಲಿಲ್ಲ. ಎದುರು ಸಿಕ್ಕವರಿಗೆಲ್ಲ "ನಮ್ಮ ಪ್ಲೇಟ್ ಬರ್ತೈತಿ" ಎಂದ. ಅಂಗಡಿಯ ಬೋರ್ಡನ್ನೂ 'ನವತರಂಗ' ಎಂದು ಬದಲಿಸಿದ. ರೆಕಾರ್ಡ್ ಬರದಿದ್ದರೆ ಆತ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ತೊಡಕು ಒಂದೇ ಇತ್ತು. ಕಾಕಾನ ಪೇಟಿಗೂ ಮನೆ ಹಿಂದಿನ ನಿಂಬೆ ತೋಟಗಳ ಪಂಪುಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಯಾರಾದರೂ ಪಂಪ್ ಹಚ್ಚಿದರೆ ಕರೆಂಟ್ ಕುಸಿಯುತ್ತಿತ್ತು, ಅದರೊಂದಿಗೆ ಪೇಟಿಯ ಶ್ರುತಿಯೂ ಜಾರುತ್ತಿತ್ತು. ಲೌಡ್‌ಸ್ಪೀಕರ್ ಹಚ್ಚದೆ ಕಾಕಾನಿಗೆ ತಾಲೀಮು ರುಚಿಸುತ್ತಿರಲಿಲ್ಲವಾದ್ದರಿಂದ ಇದು ತೋಟದವರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಬಿಡುತ್ತಾರೆಯೇ? ಪಕ್ಕದ ತೋಟದ ಮಲ್ಲಪ್ಪ ಪಂಪಿನ ಗುಂಡಿಗೆ ಕೈ ಇಟ್ಟು ಬೇಲಿಯಾಚೆಯಿಂದ ಕೂಗುತ್ತಿದ್ದ:

"ಏ ಪೇಟಿ ಮಾಸ್ತರ, ಇಳಸಲೋ ಏರಸಲೋ?"

ಗುಂಡಿ ಒತ್ತುತ್ತಿದ್ದ. ಪೇಟಿ ಗೋಳೋ ಎನ್ನುತ್ತಿತ್ತು. ತೋಟವೆಲ್ಲ ನಗು. ನಿಜ ಹೇಳಬೇಕೆಂದರೆ, ಮಲ್ಲಪ್ಪ ಆ ಪೇಟಿಯನ್ನು ಕಾಕಾನಿಗಿಂತ ಚೆನ್ನಾಗಿ ನುಡಿಸುತ್ತಿದ್ದ!

ಪಂಪ್ ಹಚ್ಚುವ ಮೊದಲಿನ ಗಳಿಗೆಗಳನ್ನು ಕದ್ದು ಹೇಗೋ ಐದು ಹಾಡು ಮುಗಿಸಿದೆವು. ಉಳಿದದ್ದು ಕೊನೆಯದು, ಎಲ್ಲಕ್ಕಿಂತ ಉದ್ದದ್ದು. ಏಜೆಂಟರು ಹೊರಡಲು ಎರಡೇ ದಿನ ಇತ್ತು. ಕಾಕಾ ತೋಟ ತೋಟಕ್ಕೆ ಹೋಗಿ ಕೈ ಮುಗಿದ.

"ಅರ್ಧ ತಾಸು ಬಂದ್ ಇಡ್ರಪಾ."

"ಕರೆಂಟ್ ಇರೂದ ಎರಡು ತಾಸು" ಎಂದ ಮಲ್ಲಪ್ಪ. "ನಿನ್ನ ಪೇಟಿ ಅಳಲಿ ಅಂತ ನನ್ನ ನಿಂಬಿಗಿಡ ಒಣಗಬೇಕೇನು?"

ಆತನ ಮಾತಿನಲ್ಲಿ ತಪ್ಪೇನಿತ್ತು? ಕಾಕಾ ಮನೆಗೆ ಬಂದ.

ಮಧ್ಯಾಹ್ನ ಕರೆಂಟ್ ಬಂತು. ಪಂಪುಗಳೂ ಗುರ್ ಎಂದವು. ಬೇರೆ ದಾರಿ ಇಲ್ಲದೆ, ಎಂದಿನಂತೆ ಲೌಡ್‌ಸ್ಪೀಕರ್ ಹಚ್ಚಿಯೇ, ಹಾಡು ಶುರುಮಾಡಿದೆವು. ಶ್ರುತಿ ಪಾತಾಳದಲ್ಲಿತ್ತು. ಕಕ್ಕಿ ಅಷ್ಟು ಕೆಳಗಿಳಿದು ಹಾಡಲಾರದೆ ಗಂಟಲು ಬಿಗಿಹಿಡಿದು ಒದ್ದಾಡಿದಳು. ನಿಲ್ಲಿಸಲೇ ಎಂದು ನಾನು ಕೈಸನ್ನೆ ಮಾಡಿದೆ. ಕಾಕಾ ಬೇಡವೆಂದು ತಲೆಯಾಡಿಸಿದ. ಇನ್ನೊಂದು ಟೇಪ್ ನಮ್ಮ ಹತ್ತಿರ ಇರಲಿಲ್ಲ.

ಎರಡನೇ ನುಡಿಗೆ ಶ್ರುತಿ ಒಂದು ಮೆಟ್ಟಿಲು ಮೇಲೇರಿತು. ಕಾಕಾ ಏನೋ ತಿರುವಿದನೆಂದುಕೊಂಡೆ. ಆತನ ಎರಡೂ ಕೈ ಪೇಟಿಯ ಮನೆಗಳ ಮೇಲೇ ಇದ್ದವು. ಕಿಟಕಿಯಿಂದ ನೋಡಿದರೆ ಮಲ್ಲಪ್ಪ ಪಂಪ್ ಬಂದ್ ಮಾಡಿ ಅದರ ಪಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದ. ಆಚೆ ತೋಟದ ಸದ್ದು ನಿಂತಿತು, ಶ್ರುತಿ ಇನ್ನೊಂದು ಮೆಟ್ಟಿಲು ಏರಿತು. ಮತ್ತೊಂದು ನಿಂತಿತು. ಕಕ್ಕಿ ಪ್ರತಿ ಮೆಟ್ಟಿಲನ್ನೂ ಹಿಡಿದು ಏರುತ್ತ, ಕೊನೆಯ ನುಡಿಯನ್ನು ನಾನೆಂದೂ ಕೇಳದಷ್ಟು ಎತ್ತರದಲ್ಲಿ, ಬಾಯ್ತುಂಬ ಹಾಡಿದಳು. ಕಾಕಾ ತಲೆ ಎತ್ತಲೇ ಇಲ್ಲ.

ಮರುದಿನ ನಾನೂ ಕಾಕಾನೂ ಬಿಜಾಪುರಕ್ಕೆ ಟೇಪ್ ಒಯ್ದೆವು. ಏಜೆಂಟರು ಐದು ಹಾಡು ಒಪ್ಪಿದರು. ಆರನೆಯದಕ್ಕೆ ಹಣೆ ಚಚ್ಚಿಕೊಂಡರು.

"ಇದೇನ್ರಿ ಇದು! ಬಾವ್ಯಾಗ ಶುರು ಆಗಿ ಮಾಳಗಿ ಮ್ಯಾಲೆ ಮುಗಿತೈತಿ! ನಮ್ಮ ಮನ್ಯಾಗ ಕರೆಂಟ್ ಚೊಲೋ ಐತಿ. ಸಂಜಿ ಬಸ್ಸಿಗೆ ಪೇಟಿ ತರ್ರಿ, ಹಾಡಿದ ಅಕ್ಕಾರನ್ನೂ ಕರಕೊಂಡು ಬರ್ರಿ. ಇದೊಂದು ಮತ್ತ ಹಾಡಿಬಿಡ್ರಿ, ಪ್ಲೇಟ್ ಆದಂಗ."

ಕಾಕಾ ಟೇಪನ್ನು ನಿಧಾನವಾಗಿ ಸುತ್ತಿ, ಅಂಗಿಯ ತುದಿಯಿಂದ ಒರೆಸಿ ಚೀಲದಲ್ಲಿಟ್ಟುಕೊಂಡ.

"ಬ್ಯಾಡ್ರಿ."

"ಹುಚ್ಚ ಹಿಡದೈತೇನ್ರಿ? ಪ್ಲೇಟ್ ಬ್ಯಾಡೇನು?"

"ಬೇಕ್ರಿ" ಎಂದ ಕಾಕಾ. "ಆದ್ರ ಬಿಜಾಪುರದಾಗ ನನ್ನ ಸಲುವಾಗಿ ಯಾರು ಪಂಪ್ ಬಂದ್ ಮಾಡ್ತಾರ?"