ನಿಂಬೆಹಣ್ಣಿನ ಮೇಲೆ ಗೂಬೆ ಕೂರಿಸಿದ ಹಾರ್ಡ್ ಡಿಸ್ಕ್ ಅವರಿಗೆ

ಬೆಂಗಳೂರು, ಸೋಮವಾರ ಸಂಜೆ

ಮಾನ್ಯ ಹಾರ್ಡ್ ಡಿಸ್ಕ್ ಮಹಾಶಯರೇ,

ಸಿಕ್ಕಿತು, ಸಿಕ್ಕಿತು, ತಾವು ನುಂಗಿ ಕೂತಿದ್ದ ನಮ್ಮ ಶಿವರಂಜಿನಿಯ ಲಗ್ನಪತ್ರಿಕೆ ಒಂದು ಹೆಸರೂ ತಪ್ಪದ ಹಾಗೆ ಇವತ್ತು ಮಧ್ಯಾಹ್ನ ಸಿಕ್ಕಿಬಿಟ್ಟಿತು. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರಬೇಕೆಂಬ ಮರ್ಯಾದೆ ನನಗೂ ಗೊತ್ತು. ಆದರೆ ತಾವು ಗಾಜಿನ ಪೆಟ್ಟಿಗೆಯೊಳಗೆ ಮುಚ್ಚಳ ಬಿಚ್ಚಿಸಿಕೊಂಡು ಮಲಗಿರುವುದನ್ನು ಎದುರಿಗೆ ಕುಳಿತು ನೋಡುತ್ತ ಕ್ಷೇಮವೇ ಎಂದು ಕೇಳಿದರೆ ಅದು ಕುಚೋದ್ಯವಾದೀತೆಂದು ಬಿಟ್ಟಿದ್ದೇನೆ. ಕಾನ್ವೆಂಟಿನಲ್ಲಿ ಓದಿ, ಹುಟ್ಟಿದಾಗಿನಿಂದ ರಜೆ ಬೇಡುವ ಇಂಗ್ಲಿಷ್ ಅರ್ಜಿಗಳನ್ನು ಬಿಟ್ಟು ಬೇರೆ ಪತ್ರ ಬರೆಯದ ನಾನು ಕನ್ನಡದಲ್ಲಿ ಬರೆಯುತ್ತಿರುವ ಮೊದಲ ದೂರು ಇದು. ಆ ಗೌರವ ತಮ್ಮ ಪಾಲಿಗೆ ಬಂದದ್ದಕ್ಕೆ ಅಭಿನಂದನೆಗಳು.

ಇದು ಬಹಿರಂಗ ಪತ್ರವಾಗಿರುವುದಕ್ಕೆ ಕಾರಣವಿದೆ. ನಾಳೆ ಬೆಳಿಗ್ಗೆ ಇದು ಫ್ಯಾಕ್ಸ್ ಆಗಿ ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಎದುರಿಗಿರುವ ರಂಗರಾಜು ಅವರ ಎಸ್‌ಟಿಡಿ ಬೂತಿಗೆ ಹೋಗುತ್ತದೆ. ರಂಗರಾಜು ಅವರು ಬಂದ ಫ್ಯಾಕ್ಸನ್ನು ಮೊದಲು ತಾವು ಓದಿ, ಆಮೇಲೆ ಬೂತಿನಲ್ಲಿ ಕಾದು ನಿಂತವರಿಗೆ ಓದಿ ಹೇಳಿ, ಕೊನೆಗೆ ಅದು ಯಾರಿಗೆ ಬಂದಿದೆಯೋ ಅವರಿಗೂ ಕೊಡುವಂಥ ಉಪಕಾರಿಗಳು. ಅಲ್ಲಿಂದ ನಮ್ಮವರು, ಹೆಸರು ಹೇಳಿಯೇಬಿಡುತ್ತೇನೆ, ಹೈಸ್ಕೂಲ್ ಮೇಷ್ಟ್ರು ಗಿರೀಶ್ ಅವರು, ಇದನ್ನು ಸ್ಕೂಟರಿನಲ್ಲಿ ಹರದನಹಳ್ಳಿಗೆ ಒಯ್ದು ನಮ್ಮ ಅತ್ತೆ ಗುರುಮಲ್ಲಮ್ಮನವರ ಎದುರಿಗೆ ಜೋರಾಗಿ ಓದಬೇಕು. ಅತ್ತೆಯವರಿಗೇ ನೇರವಾಗಿ ಬರೆದರೆ ಅವರು ಕೇಳಿಸಿಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ಬರೆದ ಕಾಗದ ಎಂದರೆ ಮಾತ್ರ ಅಡುಗೆಮನೆಯಲ್ಲಿದ್ದರೂ ಅವರ ಕಿವಿ ಈ ಕಡೆಗೆ ಬರುತ್ತದೆ.

ಕಳೆದ ವೈಶಾಖದಲ್ಲಿ ನಾನು ಮೈಸೂರಿನಿಂದ ಮದುವೆಯಾಗಿ ಬಂದಾಗ ತಾವೂ ನನ್ನ ಜೊತೆಗೇ, ಒಂದೇ ವ್ಯಾನಿನಲ್ಲಿ, ಹೊಸ ಬೀರುವಿಗೂ ಹಾಸಿಗೆಗೂ ನಡುವೆ ಕುಳಿತು ಬಂದಿರಿ. ನಾದಿನಿ ಶಿವರಂಜಿನಿಯ ಮದುವೆ ಕಾರ್ತಿಕಕ್ಕೆ ನಿಶ್ಚಯವಾದ ಮೇಲೆ ಲಗ್ನಪತ್ರಿಕೆಯನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಜೋಡಿಸಿ, ಅಚ್ಚಿಗೆ ಮಾತ್ರ ಚಾಮರಾಜನಗರದ ಪ್ರೆಸ್ಸಿಗೆ ಕೊಡುವುದೆಂದು ತೀರ್ಮಾನವಾಯಿತು. ಲಗ್ನಪತ್ರಿಕೆಯೆಂದರೆ ಗಂಡು ಹೆಣ್ಣಿನ ಹೆಸರು, ಮುಹೂರ್ತ, ಛತ್ರ, ಇಷ್ಟೇ ಎಂದುಕೊಂಡಿದ್ದ ನನ್ನ ಕಾನ್ವೆಂಟ್ ಬುದ್ಧಿಗೆ ಮಂಗಳಾರತಿ. ಅದರಲ್ಲಿ ನಿಜವಾಗಿ ಮುಖ್ಯವಾದದ್ದು ಕೆಳಗಿನ ‘ಸುಖಾಗಮನ ಬಯಸುವವರು’ ಎಂಬ ಭಾಗ. ಯಾವ ಹಿರಿಯರ ಹೆಸರು ಯಾವ ಸಾಲಿನಲ್ಲಿ, ಯಾರ ಮೇಲೆ, ಯಾರ ಪಕ್ಕ ಎಂಬುದು ಒಂದು ಸಾಲು ಆಚೀಚೆಯಾದರೆ ಹಿರಿಯರು ಮದುವೆಗೆ ಬಂದೂ ಊಟಕ್ಕೆ ಏಳುವುದಿಲ್ಲವಂತೆ.

ಅತ್ತೆಯವರು ತಿಂಗಳುಗಟ್ಟಲೆ ನನ್ನ ಪಕ್ಕ ಮಣೆ ಹಾಕಿಕೊಂಡು ಕುಳಿತರು. ಅಲ್ಲಿಯವರೆಗೆ ತಮ್ಮನ್ನು ಟೀವಿಯ ತಮ್ಮನೆಂದು ತಿಳಿದಿದ್ದ ಅವರು, ಒಂದು ಹೆಸರನ್ನು ಕಿತ್ತು ಇನ್ನೊಂದು ಕಡೆ ಇಟ್ಟರೆ ಗಾಯದ ಗುರುತೂ ಉಳಿಯುವುದಿಲ್ಲ ಎಂದು ಕಂಡುಕೊಂಡ ದಿನದಿಂದ ತಮ್ಮ ಭಕ್ತರಾದರು. ಹಗಲು ಊರೂರು ತಿರುಗಿ ಮಾತಾಡಿ ಬರುವುದು, ಸಂಜೆ ಬಂದು ಸಾಲುಗಳನ್ನು ಎತ್ತಿಸುವುದು, ಇಳಿಸುವುದು. ಗಂಡಿನ ದೊಡ್ಡಪ್ಪ, ತೆರಕಣಾಂಬಿಯ ಚೆಲುವಯ್ಯನವರು, ಮೊದಲನೆಯ ಸಾಲಿನಿಂದ ಕೆಳಗಿಳಿಯಲಾರೆ ಎಂದು ಪಟ್ಟು ಹಿಡಿದಿದ್ದರು. ಅತ್ತೆ ಅವರ ಮನೆಗೇ ಹೋಗಿ, ಅವರ ಅಡುಗೆಮನೆಯಲ್ಲೇ ಕೂತು ಉಂಡು, ಹೊಗಳಿ, ಬೈದು, ಮೂರನೆಯ ಸಾಲಿಗೆ ಒಪ್ಪಿಸಿ ಬಂದರು. ಪ್ರತಿ ತಿದ್ದುಪಡಿಯ ನಂತರ ಹಳೆಯ ಪ್ರಿಂಟು ಬಚ್ಚಲೊಲೆಗೆ ಹೋಗುತ್ತಿತ್ತು, ತಾನು ಮೊದಲು ಎಲ್ಲಿದ್ದೆನೆಂದು ಯಾರ ಕಣ್ಣಿಗೂ ಬೀಳಬಾರದಲ್ಲ. ಫ್ಲಾಪಿಯಲ್ಲಿ ಒಂದು ಪ್ರತಿ ಇಡೋಣ ಅತ್ತೆ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ, “ಇನ್ನೊಂದ್ ನಕ್ಲು ಇದ್ರೆ ಇನ್ನೊಂದ್ ಜಗ್ಳ ಕಣವ್ವ, ಒಂದೇ ಇರ್ಲಿ.” ಹೀಗೆ ನಮ್ಮ ಎರಡು ಮನೆತನಗಳ ಶಾಂತಿ ಒಪ್ಪಂದ ಭೂಮಿಯ ಮೇಲೆ ತಮ್ಮೊಬ್ಬರ ಬಳಿ ಮಾತ್ರ ಉಳಿಯಿತು. ಇಂಥ ನಂಬಿಕೆಯನ್ನು ಯಾವ ಬ್ಯಾಂಕಿನ ಮೇಲೂ ನಮ್ಮ ಮನೆಯವರು ಇಟ್ಟದ್ದಿಲ್ಲ.

ಈಗ ಹಲ್ಲಿಯ ವಿಷಯಕ್ಕೆ ಬರಬೇಕು. ಗೌರಿ ಹಬ್ಬ ಕಳೆದ ಮೇಲೆ ಕಂಪ್ಯೂಟರಿನ ಹಿಂದಿನ ಗೋಡೆಯಿಂದ ಆಗಾಗ ಲೊಚ್, ಲೊಚ್ ಎಂದು ಸದ್ದು ಬರತೊಡಗಿತು. ಹೆಸರೊಂದನ್ನು ಹೊಸ ಜಾಗದಲ್ಲಿ ಕೂರಿಸಿ ಉಳಿಸಿಕೊಳ್ಳಲು ಗುಂಡಿ ಒತ್ತಿದ ಕೂಡಲೇ ಸದ್ದು. ಅತ್ತೆಯವರು ಆನಂದದಿಂದ “ಶಿವಶಿವ” ಎನ್ನುತ್ತ ಬೆರಳಿನಿಂದ ಮೇಜು ತಟ್ಟಿ, ಹಲ್ಲಿಯೂ ಹೌದೆಂದಿತು ಎನ್ನುತ್ತಿದ್ದರು. ಚೆಲುವಯ್ಯನವರ ಮೂರನೆಯ ಸಾಲಿಗಂತೂ ಹಲ್ಲಿ ಬಿಡದೆ ಲೊಚಗುಟ್ಟಿತು. ಈ ಶಕುನದ ಸುದ್ದಿ ತೆರಕಣಾಂಬಿಗೆ ಹೋಗಿ, ಹಲ್ಲಿಯೇ ಹೇಳಿದ ಮೇಲೆ ಇನ್ನೇನು ಎಂದು ಚೆಲುವಯ್ಯನವರೂ ಸುಮ್ಮನಾದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮರುದಿನ ವಿಜಯದಶಮಿಗೆ ತಮ್ಮಿಂದಲೇ ಪತ್ರಿಕೆಯ ಕೊನೆಯ ಪ್ರಿಂಟು ತೆಗೆಯುವುದೆಂದು ನಿಶ್ಚಯವಾಗಿತ್ತು. ಸ್ಕೂಟರ್, ಗುದ್ದಲಿ, ಹೊಲಿಗೆ ಯಂತ್ರಗಳ ಜೊತೆ ತಮಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಯಿತು. ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದ ಮೇಲೆ ಕಂಪ್ಯೂಟರಿಗೆ ಮಾತ್ರ ಭೇದ ಮಾಡಬಾರದೆಂದು ಅತ್ತೆಯವರು ತಮ್ಮ ಪೆಟ್ಟಿಗೆಯ ಮುಂದೆಯೂ ಎರಡು ನಿಂಬೆಹಣ್ಣು ಇಟ್ಟರು. ಆಫ್ ಮಾಡಿ ಹತ್ತಿಸೋಣವೇ ಎಂದು ನಾನು ಕೇಳಿದೆ. ನಿಂತ ಗಾಡಿಯನ್ನು ಯಾರಾದರೂ ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಾರೆಯೇ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಗಂಡ ಹೆಂಡತಿ ಆ ಕಡೆ ಈ ಕಡೆ ಹಿಡಿದು, ತಮ್ಮನ್ನು ಓಡುತ್ತಿರುವಾಗಲೇ ಮುಂದಕ್ಕೆ ನೂಕಿದೆವು. ಒಂದು ಹಣ್ಣು ಪಚ್ಚೆಂದು ಒಡೆಯಿತು, ಇನ್ನೊಂದು ಜಾರಿ ಉರುಳಿತು, ಪೆಟ್ಟಿಗೆ ಧಡಕ್ಕನೆ ಕೂತಿತು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ತಾವು ಕಾಣಿಸುತ್ತಿಲ್ಲವೆಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಹೇಳಿತು.

ಹೋದರೆ ಹೋಗಲಿ, ನೆನಪಿನಿಂದ ಮತ್ತೆ ಬರೆಯೋಣವೆಂದು ಎರಡೂ ಕಡೆಯವರನ್ನು ಕೇಳಿದೆವು. ಎಲ್ಲರಿಗೂ ಬಹಳ ಚೆನ್ನಾಗಿ ನೆನಪಿತ್ತು. ಒಬ್ಬೊಬ್ಬರ ನೆನಪಿನಲ್ಲೂ ಅವರವರ ಹೆಸರೇ ಮೊದಲು. ಪತ್ರಿಕೆಯಿಲ್ಲದೆ ಮದುವೆ ಹೇಗೆ ಎಂದು ಶಿವರಂಜಿನಿ ಮೂಗು ಕೆಂಪು ಮಾಡಿಕೊಂಡಳು. ಬಂದ ನೆಂಟರಲ್ಲಿ ಯಾರೋ ನಿಂಬೆಹಣ್ಣು ಇಟ್ಟವರು ಯಾರು ಎಂದರು. ಮಾರನೆಯ ಬೆಳಿಗ್ಗೆ ಅತ್ತೆಯವರು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹರದನಹಳ್ಳಿಯ ತಮ್ಮನ ಮನೆಗೆ ಹೊರಟರು. ಬಸ್ ಹತ್ತಿಸಲು ಹೋದ ನನಗೆ ಹೇಳಿದ್ದು ಒಂದೇ ಮಾತು, “ನನ್ ಕೈಯಾರ ಮಗಳ್ ಲಗ್ನ ಕೆಡುಸ್ಬುಟ್ಟೆ ಕಣವ್ವ, ಆ ಮನೇಲಿ ನಾನ್ ಹೆಂಗಿರ್ಲಿ.” ಮದುವೆಗೆ ಬರುತ್ತೇನೆಂದೂ ಹೇಳಲಿಲ್ಲ.

ಮಹಾಶಯರೇ, ತಮ್ಮ ಮೇಲೆ ನನಗೆ ಕೋಪ ಬಂದದ್ದು ಅಲ್ಲಿಂದ. ಬೆಂಗಳೂರಿನಲ್ಲಿ ಸತ್ತ ಡಿಸ್ಕುಗಳಿಂದ ಫೈಲು ತೆಗೆಯುವ ಶಿವರಾಮು ಎಂಬ ಇಂಜಿನಿಯರ್ ಇದ್ದಾರೆಂದು ತಿಳಿದು ಫೋನ್ ಮಾಡಿದೆವು. ಒಳಗಿನ ತಟ್ಟೆಯನ್ನು ಗ್ರಾಮಫೋನಿನ ಹಾಗೆ ಓದುವ ಮುಳ್ಳು ಮುರಿದಿರಬಹುದು, ಅದೇ ಮಾದರಿಯ ಇನ್ನೊಂದು ಡಿಸ್ಕ್ ತಂದರೆ ಅದರ ಮುಳ್ಳನ್ನು ಇದಕ್ಕೆ ಕೂರಿಸಿ ನೋಡಬಹುದು ಎಂದರು. ಅದೇ ಮಾದರಿ ಎಲ್ಲಿದೆ ಎಂದರೆ, ನನ್ನ ದುರದೃಷ್ಟವೇ, ತೆರಕಣಾಂಬಿಯಲ್ಲಿ. ಬೀಗರ ಮನೆಯಲ್ಲಿರುವುದು ತಮ್ಮ ಮನೆಯಲ್ಲೂ ಇರಬೇಕೆಂದು ಚೆಲುವಯ್ಯನವರು ಅದೇ ಅಂಗಡಿಯಿಂದ ಅಂಥದ್ದೇ ಕಂಪ್ಯೂಟರ್ ತರಿಸಿ, ಪ್ಲಾಸ್ಟಿಕ್ ಹೊದಿಕೆ ತೆಗೆಯದೆ, ಪ್ಲಗ್ಗನ್ನೂ ಚುಚ್ಚದೆ, ನಡುಮನೆಯಲ್ಲಿ ಪ್ರತಿಷ್ಠಾಪಿಸಿದ್ದರು. ನಾನು ಹೆದರಿಕೊಂಡೇ ಹೋಗಿ ಕೇಳಿದೆ. ಅವರು ಮೀಸೆ ತಿರುವಿ, ಹೊದಿಕೆ ತೆಗೆಸಿ, “ಸುಮ್ಕೆ ಕುಂತದೆ, ತಕ್ಕೊಂಡೋಗವ್ವ. ಹೆಸ್ರುಗೊಳು ಆಚ್ಗೆ ಬಂದ್ಮೇಲೆ ನಂದು ಎಲ್ಲದೆ ಅಂತ ಒಸಿ ನೋಡ್ಕೊ” ಎಂದರು.

ಎವರ್‌ಸಿಲ್ವರ್ ಡಬ್ಬಿಯಲ್ಲಿ, ಗಿರೀಶರ ಬನಿಯನ್ನಿನಲ್ಲಿ ಸುತ್ತಿ, ಇಬ್ಬರನ್ನೂ ತೊಡೆಯ ಮೇಲಿಟ್ಟುಕೊಂಡು ತಂದೆ. ಇಲ್ಲಿ ಶಿವರಾಮು ಅವರು ಧೂಳಿಲ್ಲದ ಗಾಜಿನ ಪೆಟ್ಟಿಗೆಗೆ ಕೈಗವಸು ಹಾಕಿದ ಕೈಗಳನ್ನು ತೂರಿಸಿ, ಚೆಲುವಯ್ಯನವರ ಡಿಸ್ಕಿನ ಮುಳ್ಳನ್ನು ತೆಗೆದು ತಮಗೆ ಕೂರಿಸಿದರು. ಸ್ವಲ್ಪ ಸ್ವಲ್ಪವೇ ಓದಿಸಿ, ಮುನಿಸಿಕೊಂಡಲ್ಲಿ ಬಿಟ್ಟು, ಮತ್ತೆ ಬಂದು ಪುಸಲಾಯಿಸಿ, ತಮ್ಮೊಳಗಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಇಳಿಸಿದರು. ಅಷ್ಟು ನಾಜೂಕಿನ ಉಪಚಾರ ನನ್ನ ಬಾಣಂತನಕ್ಕೂ ನಡೆದೀತೆಂಬ ಭರವಸೆ ನನಗಿಲ್ಲ. ಕೊನೆಗೆ ತೆರೆದ ಫೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪಾಪ, ಕಸ ಬಂತು ಎಂದು ಅವರು ಅಳಿಸಲು ಹೊರಟರು. ನಾನು ಕೈ ಹಿಡಿಯುವುದೊಂದು ಬಾಕಿ. ಕನ್ನಡದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಕಾಣಿಸುವುದೇ ಹಾಗೆ ಎಂದು ಹೇಳಿ, ಫಾಂಟಿನ ಫ್ಲಾಪಿ ಹಾಕಿಸಿದೆ. ಪರದೆ ಒಮ್ಮೆ ಮಿನುಗಿ ‘ಸುಖಾಗಮನ ಬಯಸುವವರು’ ಎಂದು ಬಂತು. ಅದರ ಕೆಳಗೆ ಒಬ್ಬರ ಕೆಳಗೊಬ್ಬರು ನಮ್ಮ ಹಿರಿಯರೆಲ್ಲ, ಅತ್ತೆ ಕೂರಿಸಿದ ಜಾಗದಲ್ಲೇ, ಯಾರೂ ಅಲುಗಾಡದೆ ಕುಳಿತಿದ್ದರು.

ಆಮೇಲೆ ಶಿವರಾಮು ಅವರು ತಮ್ಮ ಹಳೆಯ ಮುಳ್ಳನ್ನು ಭೂತಗನ್ನಡಿಯಲ್ಲಿ ತೋರಿಸಿ, ಇದು ಎಂದೋ ಸವೆದುಹೋಗಿದೆ, ನಿಂಬೆಹಣ್ಣು ಕೊನೆಯ ತಳ್ಳು ಕೊಟ್ಟಿರಬಹುದು, ಅದು ಇಲ್ಲದಿದ್ದರೂ ಮದುವೆಯವರೆಗೆ ಬಾಳುತ್ತಿರಲಿಲ್ಲ ಎಂದರು. ಮೊದಲೇ ಏನಾದರೂ ಸದ್ದು ಮಾಡುತ್ತಿತ್ತೇ ಎಂದು ವಿಚಾರಿಸಿ, ಎಂಥ ಸದ್ದು ಎಂದು ನಾಲಿಗೆಯಿಂದ ಮಾಡಿಯೂ ತೋರಿಸಿದರು. ಲೊಚ್, ಲೊಚ್.

ಹಾಗಾದರೆ, ಸ್ವಾಮಿ, ಗೋಡೆಯ ಮೇಲೆ ಹಲ್ಲಿ ಇರಲೇ ಇಲ್ಲ. ತಾವು ಗೌರಿ ಹಬ್ಬದಿಂದ ಪ್ರಾಣಸಂಕಟದಲ್ಲಿ ನರಳುತ್ತಿದ್ದಿರಿ, ಅದನ್ನು ನಾವು ಶುಭಶಕುನವೆಂದು ಮೇಜು ತಟ್ಟುತ್ತಿದ್ದೆವು. ತಾವೋ ಹೇಗೂ ಹೋಗುವವರು, ಹೋಗುವ ಗಳಿಗೆಯನ್ನು ಮಾತ್ರ ಎಂಥ ಚಾತುರ್ಯದಿಂದ ಆರಿಸಿಕೊಂಡಿರಿ. ನಿಂಬೆಹಣ್ಣು ಒಡೆಯುವವರೆಗೆ ಜೀವ ಬಿಗಿಹಿಡಿದಿದ್ದು, ಒಡೆದ ಕೂಡಲೇ ಕಣ್ಣುಮುಚ್ಚಿ, ಗೂಬೆಯನ್ನು ನಮ್ಮ ಅತ್ತೆಯ ತಲೆಯ ಮೇಲೆ ಕೂರಿಸಿದಿರಿ. ಇಷ್ಟು ಜಾಣತನ ಇಟ್ಟುಕೊಂಡು ತಾವು ಪೆಟ್ಟಿಗೆಯೊಳಗೆ ಸುತ್ತುತ್ತ ಕಾಲ ಕಳೆದದ್ದು ದೇಶಕ್ಕೇ ನಷ್ಟ.

ಆದ್ದರಿಂದ ವಿನಯಪೂರ್ವಕವಾಗಿ ಕೋರುವುದೇನೆಂದರೆ, ತಾವು ಎದ್ದು ಬಂದು, ಎರಡೂ ಮನೆಯ ಹಿರಿಯರ ಎದುರಿಗೆ, ಗುರುಮಲ್ಲಮ್ಮನವರದು ಏನೂ ತಪ್ಪಿಲ್ಲ, ರೋಗ ನನ್ನದೇ ಎಂದು ಒಪ್ಪಿಕೊಳ್ಳಬೇಕು. ಮುಂದಿನ ಜನ್ಮದಲ್ಲಿ ನರಳುವುದಾದರೆ ಹಲ್ಲಿಯ ಹಾಗಲ್ಲದೆ ಬೇರೆ ಯಾವುದಾದರೂ ಪ್ರಾಣಿಯ ಹಾಗೆ ನರಳಬೇಕು, ಕತ್ತೆಯಾದರೆ ಉತ್ತಮ, ನಮಗೆ ಕೂಡಲೇ ತಿಳಿಯುತ್ತದೆ. ಅಷ್ಟು ಆಗದಿದ್ದರೆ ಕಡೆಯ ಪಕ್ಷ ನಾನು ಕುಂಕುಮದ ಭರಣಿಯಲ್ಲಿ ತರುತ್ತಿರುವ ತಮ್ಮ ಸವೆದ ಮುಳ್ಳು, ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡುವಾಗ ಸವೆದೇ ಇರಬೇಕು.

ಅಚ್ಚಾಗಿ ಬರುವ ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಡುವುದು ಹೆಣ್ಣಿನ ತಾಯಿ. ಆ ಅರಿಶಿನದ ಬಟ್ಟಲನ್ನು ಶಿವರಂಜಿನಿ ತೊಳೆದು ಒರೆಸಿ ಕಾಯುತ್ತಿದ್ದಾಳೆ. ನಾನು ಹೊರಡುವಾಗ ನೀವೇ ಹಚ್ಚಿಬಿಡಿ ಎಂದಳು, ನಾನು ಬಟ್ಟಲು ಮುಟ್ಟಲಿಲ್ಲ. ಅತ್ತೆಯವರ ಮಣೆಯೂ ಕಂಪ್ಯೂಟರಿನ ಪಕ್ಕ ಹಾಗೆಯೇ ಇದೆ, ಅದರ ಮೇಲೆ ಗಿರೀಶರು ಕೂತಿದ್ದಕ್ಕೆ ಎಬ್ಬಿಸಿದ್ದೇನೆ. ಇದೆಲ್ಲ ತಮಗೆ ಬರೆಯಬೇಕಾದ ಮಾತಲ್ಲ ಎಂದು ನನಗೆ ಗೊತ್ತು, ಮಹಾಶಯರೇ. ತಾವು ಕೇಳಿಸಿಕೊಳ್ಳದಿದ್ದರೂ ಚಿಂತೆಯಿಲ್ಲ, ಅಡುಗೆಮನೆಯಲ್ಲಿರುವವರು ಕೇಳಿಸಿಕೊಂಡರೆ ಸಾಕು.

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೀನಾ ಗಿರೀಶ್

ಮರೆತ ಮಾತು: ಹಲ್ಲಿ ಇರಲಿಲ್ಲ ಎಂಬ ಸಂಗತಿ ಮಾತ್ರ ತೆರಕಣಾಂಬಿಗೆ ತಲುಪಕೂಡದು, ತಲುಪಿದರೆ ಚೆಲುವಯ್ಯನವರು ಮೂರನೆಯ ಸಾಲಿನಿಂದ ಎದ್ದು ನಿಲ್ಲುತ್ತಾರೆ. ರಂಗರಾಜು ಅವರೇ, ತಾವು ಈಗಾಗಲೇ ಬೂತಿನಲ್ಲಿ ಜೋರಾಗಿ ಓದಿಬಿಟ್ಟಿದ್ದರೆ, ದಯವಿಟ್ಟು ಆ ಭಾಗವನ್ನು ಕೇಳಿದವರಿಂದ ವಾಪಸು ಪಡೆಯಿರಿ. ಬರುವ ವರ್ಷದ ಆಯುಧಪೂಜೆಗೂ ನಿಂಬೆಹಣ್ಣು ಇರುತ್ತದೆ, ಇಡುವವರೂ ಅತ್ತೆಯವರೇ, ಸ್ವಿಚ್ ಆಫ್ ಮಾಡುವವಳು ಮಾತ್ರ ನಾನು. ಮೈಸೂರಿನಿಂದ ಗುಂಡ್ಲುಪೇಟೆಗೆ ನೇರ ಬಸ್ಸಿದ್ದರೂ, ಹೊಸ ಡಿಸ್ಕಿಗೆ ಗುಂಡಿ ಬಿದ್ದ ರಸ್ತೆಯ ಕುಲುಕಾಟ ಆಗದೆಂಬ ನೆಪದಿಂದಲೂ, ಹರದನಹಳ್ಳಿಗೆ ಚಾಮರಾಜನಗರದ ರೈಲ್ವೆ ಸ್ಟೇಷನ್ನೇ ಹತ್ತಿರವೆಂಬ ನಿಜದಿಂದಲೂ ರೈಲಿನಲ್ಲೇ ಬರುತ್ತಿದ್ದೇನೆ. ಪ್ರೆಸ್ಸಿಗೆ ಒಬ್ಬಳೇ ಹೋಗುವುದಿಲ್ಲ. ಎರಡು ಸೀರೆಯ ಆ ಚೀಲವನ್ನೂ ಹಿಡಿದುಕೊಂಡು ಚಾಮರಾಜನಗರದ ಸ್ಟೇಷನ್ನಿಗೆ ಬನ್ನಿ ಅತ್ತೆ, ಈ ಗುರುವಾರ, ಮೈಸೂರಿನಿಂದ ಬರುವ ಬೆಳಗಿನ ಪ್ಯಾಸೆಂಜರ್ ಗಾಡಿಗೆ.