ವೈರು ಸುಡುವ ಮಾವ

ಚೇಳಿನ ಕೊಂಡಿ ಹಿಡಿದೆತ್ತಿ ಹಿತ್ತಿಲಾಚೆ ಒಗೆದು ಬಂದು ಆರಾಮಾಗಿ ಚಹಾ ಕುಡಿಯುವ ಮನುಷ್ಯ, ಗೋಡೆಯ ಮೇಲೆ ತನ್ನ ಪಾಡಿಗೆ ತಾನಿರುವ ವೈರು ಕಂಡರೆ ಬೆವರುತ್ತಾನೆಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಎಂಬತ್ತರ ದಶಕದಲ್ಲಿ ಕಾಲೇಜು ಓದಲೆಂದು ಲಿಂಗಸುಗೂರಿನ ಸೋದರಮಾವನ ಮನೆಗೆ ಬಂದೆ ನೋಡಿ, ವಾರ ಕಳೆಯುವುದರೊಳಗೆ ನಾನೂ ಬೆವರತೊಡಗಿದೆ!

ಮಾವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಎಂಥದೋ ಕೆಟ್ಟ ಜ್ವರ ಬಂದು ಹೋದ ಮೇಲೆ ಅತ್ತೆಯ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಹಾಲು ಸೀದರೂ ಅಷ್ಟೆ, ಮಲ್ಲಿಗೆ ಮುಡಿದರೂ ಅಷ್ಟೆ. ಅತ್ತೆ ನಕ್ಕು ಸುಮ್ಮನಾದರು. ಮಾವನಿಗೆ ಆಗಲಿಲ್ಲ. ತಾವು ಕಾಲೇಜಿನಲ್ಲಿರುವಾಗ ಮನೆಯ ವೈರು ಸುಡತೊಡಗಿದರೆ ಒಬ್ಬಳೇ ಇರುವ ಹೆಂಡತಿಗೆ ಹೇಗೆ ತಿಳಿದೀತು? ಈ ಪ್ರಶ್ನೆ ಅವರ ತಲೆ ಹೊಕ್ಕಿದ್ದೇ ತಡ, ಮನೆಮಂದಿಯ ನಿದ್ದೆ ಹಾರಿಹೋಯಿತು.

ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ನಮ್ಮ ಮನೆಯದೇ ಒಂದು ಪುಟ್ಟ ಮಾದರಿ ಮಾಡಿದರು. ಪಡಸಾಲೆ, ಅಡುಗೆಮನೆ, ಒಳಕೋಣೆ, ನೋಡಲು ಒಂದು ಬದಿಗೆ ಗಾಜು. ಒಳಗೆ ವೈರಿನ ತುಂಡು ಕಟ್ಟಿ, ಅಡಿಯಲ್ಲಿ ಸ್ಪಿರಿಟ್ ದೀಪ ಹಚ್ಚಿ, ಗಡಿಯಾರ ಹಿಡಿದು ಕೂರುತ್ತಿದ್ದರು. ಪ್ಲಾಸ್ಟಿಕ್ಕು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕಣ್ಣುರಿಯುವ ಆಮ್ಲದ ಹೊಗೆ ಬಿಟ್ಟು, ಕಡೆಗೆ ಕರಿಕಾಗಿ ಹತ್ತಿಕೊಳ್ಳುತ್ತಿತ್ತು. ಹೊಗೆ ಮೊದಲು ಸೂರು ತುಂಬಿ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಆ ತಗಡಿನ ಪಡಸಾಲೆಯಲ್ಲಿ ನಾನು ದಿನಾ ಮಲಗುವ ಮೂಲೆ ಕಪ್ಪಾಗುವುದನ್ನು ಕಂಡು, ರಾತ್ರಿ ಹಾಸಿಗೆಯನ್ನು ಬಾಗಿಲ ಕಡೆಗೆ ಎಳೆದುಕೊಳ್ಳುತ್ತಿದ್ದೆ.

“ಬೆಂಕಿ ಕಡೀಗೆ ಬರತೈತಿ. ಅದಕ್ಕೂ ಮೊದಲ ಹೊಗಿ ಬಂದು ಕೆಲಸ ಮುಗಿಸಿರತೈತಿ,” ಎನ್ನುತ್ತಿದ್ದರು ಮಾವ, ಸಮಾಧಾನ ಹೇಳುವ ದನಿಯಲ್ಲಿ!

ಒಂದೊಂದು ವೈರು ಒಂದೊಂದು ಬಗೆಯಲ್ಲಿ ಸುಡುತ್ತದಂತೆ. ಹಾಗಾಗಿ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ, ಅಂಗಡಿಯ ಕಟ್ಟೆಯ ಮೇಲೆಯೇ ವೈರಿನ ತುದಿಗೆ ಕಡ್ಡಿ ಗೀರುತ್ತಿದ್ದರು. ಸೀರೆ ಅಂಗಡಿಯಲ್ಲೂ ಹೀಗೇ ಸುಟ್ಟು ನೋಡುತ್ತೀರೇನ್ರಿ ಸರ್ ಎಂದು ಅಂಗಡಿಯವನು ಕೈಮುಗಿದು ಕೇಳಿದನಂತೆ. ರೇಷ್ಮೆಯಾದರೆ ಸುಟ್ಟೇ ನೋಡಬೇಕು ಎಂದು ಮಾವ ಅಲ್ಲೇ ಪಾಠ ಶುರುಮಾಡಿದರು.

ಒಂದು ದಿನ ಅತ್ತೆ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುವುದನ್ನು ಮಾವ ಕಂಡರು. ವಾಸನೆ ಹೋದರೇನಂತೆ, ಉರಿ ಹೋಗಿಲ್ಲವಲ್ಲ! ಅಂದಿನಿಂದ ತಾಲೀಮು. ಮಾವ ಚೂರು ವೈರು ಸುಡಬೇಕು, ಕಣ್ಣು ಚುರುಕ್ ಎಂದೊಡನೆ ಅತ್ತೆ ಮೇನ್ ಸ್ವಿಚ್ ಕೆಡವಬೇಕು, ನಾವೆಲ್ಲ ನೆಲಕ್ಕೆ ಬಗ್ಗಿ ಮೊಣಕಾಲಲ್ಲಿ ಹೊರಬೀಳಬೇಕು.

ನನ್ನನ್ನು ನೋಡಲು ಮಸ್ಕಿಯಿಂದ ವರನ ಕಡೆಯವರು ಬಂದ ದಿನವೇ ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿಯಬೇಕೇ? ಘಾಟು ಬಂತು, ಅತ್ತೆಯ ಕಣ್ಣುರಿಯಿತು, ಸ್ವಿಚ್ಚು ಢಬ್ಬೆಂದು ಬಿತ್ತು. ಎಲ್ಲರೂ ಬಗ್ಗಬೇಕೆಂದು ಮಾವ ಅಪ್ಪಣೆ ಕೊಟ್ಟರು. ರುಮಾಲು ಸುತ್ತಿದ ವರನ ತಂದೆಯೂ ಬಗ್ಗಿದರು. ನಾನು ವರನನ್ನು ಮೊದಲ ಸಲ ಕಂಡದ್ದು ಅವರು ಅಂಬೆಗಾಲಿಟ್ಟು ಹೊಸ್ತಿಲು ದಾಟುವಾಗ! ಅದು ಮೆಣಸಿನಕಾಯಿಯೆಂದು ಮಾವನ ಮೂಗಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ಆದರೆ ಅತ್ತೆಯ ಅಭ್ಯಾಸ ನಡುವೆ ಕೆಡಬಾರದಂತೆ. ಆ ವರನೇ ಈಗ ನನ್ನ ಯಜಮಾನರು. ಈ ಮಾತು ತೆಗೆದರೆ ಈಗಲೂ ಎದ್ದು ಹೋಗುತ್ತಾರೆ.

ನಗುತ್ತಿದ್ದೇನೆ, ಆದರೆ ಆಗ ನಗು ಬರುತ್ತಿರಲಿಲ್ಲ. ಹೋದ ಕರೆಂಟು ಬಂದರೆ ಓಣಿಯೆಲ್ಲ ಹೋ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಆ ಹೊಡೆತಕ್ಕೆ ಹತ್ತಿಕೊಂಡೀತೇನೋ ಎಂದು ಎಲ್ಲರೂ ವೈರು ನೋಡುತ್ತಿದ್ದೆವು.

ಕಡೆಗೂ ಮಾವ ಹೆದರಿದ್ದ ದಿನ ಬಂತು. ಅಂದು ಮಧ್ಯಾಹ್ನ ಮಾವ ನೆಗಡಿಯಾಗಿ, ಮೂಗು ಕಟ್ಟಿ, ಗುಳಿಗೆ ನುಂಗಿ ಒಳಕೋಣೆಯಲ್ಲಿ ಮಲಗಿದ್ದರು. ನಾನೂ ಅತ್ತೆಯೂ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆವು. ಹೋದ ಕರೆಂಟು ಬಂದು ಸ್ವಲ್ಪ ಹೊತ್ತಾಗಿತ್ತು. ಅತ್ತೆ ಇದ್ದಕ್ಕಿದ್ದಂತೆ ಮೊರ ಬಿಟ್ಟು ಒಳಗೋಡಿದರು. ಸ್ವಿಚ್ಚು ಬಿದ್ದ ಸದ್ದು ಕೇಳಿತು. ಹಿಂದೆಯೇ ಹೋದ ನನಗೆ ಕಂಡದ್ದು ಒಳಕೋಣೆಯ ಬಾಗಿಲ ಮೇಲ್ಗಡೆಯಿಂದ ಉರುಳುರುಳಿ ಬರುತ್ತಿದ್ದ ಕಪ್ಪು ಹೊಗೆ. ಅಷ್ಟೆಲ್ಲ ತಾಲೀಮು ಮಾಡಿದ್ದ ನಾನು ಬಗ್ಗುವುದನ್ನೂ ಮರೆತು ನಿಂತುಬಿಟ್ಟೆ. ಆ ಹೊಗೆಯ ಅಡಿಯಿಂದ ಅತ್ತೆ ಮೊಣಕಾಲಲ್ಲಿ ಬಂದರು, ಮಾವನ ರಟ್ಟೆ ಹಿಡಿದು ದರದರ ಎಳೆಯುತ್ತ.

ಓಣಿಯವರು ಬಂದು ಬೆಂಕಿ ಆರಿಸಿದರು. ವೈರೂ ಹಾಸಿಗೆಯ ಒಂದು ಅಂಚೂ ಹೋಗಿದ್ದವು. ಅಂಗಳದಲ್ಲಿ ಉಸಿರು ಮರಳಿದೊಡನೆ ಮಾವ ಕೇಳಿದ ಮೊದಲ ಮಾತು, “ಕಣ್ಣ ಯಾವಾಗ ಉರೀತು?”

“ಅಂಗಳದಾಗ ಕುಂತಾಕಿಗೆ ಕಣ್ಣ ಎಲ್ಲಿ ಉರೀತೈತ್ರಿ,” ಎಂದರು ಅತ್ತೆ. “ನೀವು ಕೆಮ್ಮಿದ್ರಿ. ಅದು ನೆಗಡಿ ಕೆಮ್ಮಲ್ಲ. ನಿಮ್ಮ ಕೆಮ್ಮು ನನಗ ಗೊತ್ತಿಲ್ಲೇನು?”

ಹೊಗೆ ತುಂಬುವ ಮನೆಯೊಳಗೆ ಮಾವ ಯಾವಾಗಲೂ ಅತ್ತೆಯೊಬ್ಬರನ್ನೇ ಕಲ್ಪಿಸಿಕೊಂಡು ಹೆದರಿದ್ದರು. ತಾವೂ ಅಲ್ಲಿರಬಹುದೆಂದು ಎಣಿಸಿರಲೇ ಇಲ್ಲ. ಓಣಿಯವರೆಲ್ಲ ನಿಂತಿರುವಾಗಲೇ ಅತ್ತೆಯ ಸೆರಗಿನಲ್ಲಿ ಮುಖವಿಟ್ಟು ಅತ್ತರು.

ಅತ್ತೆ ಅವರ ಬೆನ್ನು ಸವರುತ್ತ, “ಇನ್ನೊಮ್ಮೆ ಕೆಮ್ಮ್ರಿ, ನೋಡೋಣು,” ಎಂದರು.

ಮಾವ ಕೆಮ್ಮಿದರು. ಅತ್ತೆ ಕಿವಿಗೊಟ್ಟು ಕೇಳಿ, ಹೊಗೆ ಇನ್ನೂ ಹೋಗಿಲ್ಲವೆಂಬಂತೆ ತಲೆಯಲ್ಲಾಡಿಸಿ, ಮತ್ತೊಮ್ಮೆ ಎಂದರು.