ತೊಕುನಾಗರ ಕಿವಿಯ ಮರ್ಯಾದೆ

ನುಮಾಜು ಊರಿನ ಶುದ್ಧಶ್ರವಣ ಸಂಘದಲ್ಲಿ ತೊಕುನಾಗರ ಕಿವಿಗೆ ಇದ್ದ ಮರ್ಯಾದೆ ಮನೆಯಲ್ಲಿ ಅವರ ಇಡೀ ದೇಹಕ್ಕೂ ಇರಲಿಲ್ಲ. ನಿವೃತ್ತರಾದ ಮೇಲೆ ಉಳಿದ ಮರ್ಯಾದೆಯೂ ಅದೊಂದೇ. ಈಗ ಅಂಗಡಿಯಿಂದ ಪರೀಕ್ಷೆಗೆಂದು ಎರಡು ಪ್ರೀ-ಆಂಪ್ಲಿಫೈಯರ್, ಅಂದರೆ ಸ್ಪೀಕರಿಗೆ ಹೋಗುವ ಮುಂಚೆ ಸಂಗೀತದ ದನಿಯನ್ನು ಹದಮಾಡುವ ಪೆಟ್ಟಿಗೆ, ತಂದಿದ್ದರು. ಯಾವುದು ಮೇಲು ಎಂಬುದನ್ನು ಭಾನುವಾರ ಸಂಘದವರಿಗೆ ಮನೆಯಲ್ಲೇ ಕೇಳಿಸಿ ತೋರಿಸಬೇಕಿತ್ತು.

“ಇದು ಪ್ಯಾಸಿವ್,” ಎಂದು ಹೆಂಡತಿ ಸುಮಿಯೆಗೆ ವಿವರಿಸಿದರು. “ಕರೆಂಟೇ ಬೇಡ. ಬಂದ ದನೀನ ತಗ್ಗಿಸುತ್ತೆ ಅಷ್ಟೇ, ತನ್ನದು ಅಂತ ಏನೂ ಸೇರಿಸಲ್ಲ. ಅದು ಆಕ್ಟಿವ್. ಕರೆಂಟ್ ಕುಡಿದು ದನಿಗೆ ಕಸುವು ತುಂಬುತ್ತೆ.”

“ಏನೂ ಸೇರಿಸದೆ ಸುಮ್ನೆ ಕೂತಿರೋಕೆ ಬೇರೆ ಪೆಟ್ಟಿಗೆ ಯಾಕ್ರೀ? ನೀವಿದೀರಲ್ಲ.”

(ಇಂಥ ಮಾತುಗಳು ಆ ಸೂಕ್ಷ್ಮ ಕಿವಿಗೆ ಮೂವತ್ತೊಂದು ವರ್ಷಗಳಿಂದ ಕೇಳಿಸುತ್ತಿರಲಿಲ್ಲ.)

ಮಂಗಳವಾರ ಜಿಟಿಜಿಟಿ ಮಳೆ. ಪ್ಯಾಸಿವ್ ಪೆಟ್ಟಿಗೆಯಲ್ಲಿ ಪಿಯಾನೊ ಕೇಳಿದರು. ಎಷ್ಟು ಮೆತ್ತಗೆ, ಎಷ್ಟು ಆಳ! ತೊಕುನಾಗರ ಕಣ್ಣು ತುಂಬಿ ಬಂತು. ಬುಧವಾರ ಮಳೆ ಬಿಟ್ಟು ಚುರುಚುರು ಬಿಸಿಲು. ಆಕ್ಟಿವ್ ಹಚ್ಚಿದರೆ ಅದೇ ಪಿಯಾನೊ ತಗಡು ಬಡಿದ ಹಾಗೆ ಕೇಳಿಸಿತು. ಕೂಡಲೇ ಪ್ಯಾಸಿವ್ ಪರವಾಗಿ ಹನ್ನೊಂದು ಪುಟದ ತೀರ್ಪು ಬರೆದು ಸದಸ್ಯರಿಗೆಲ್ಲ ಹಂಚಿ, ಆಕ್ಟಿವ್ ಪೆಟ್ಟಿಗೆಯನ್ನು ಅಂಗಡಿಗೆ ಹಿಂದಿರುಗಿಸಿದರು.

ಭಾನುವಾರವೂ ಬಿಸಿಲು. ಅತಿಥಿಗಳು ಬರುವ ಮುಂಚೆ ಒಮ್ಮೆ ನೋಡೋಣವೆಂದು ಪ್ಯಾಸಿವ್ ಹಚ್ಚಿದರೆ, ಮತ್ತದೇ ತಗಡು!

“ಲೇ, ಈ ರೂಮಲ್ಲಿ ಏನಾದ್ರೂ ಮುಟ್ಟಿದ್ಯಾ?”

“ನಿಮ್ಮ ಪೆಟ್ಟಿಗೆ ನಾನ್ಯಾಕೆ ಮುಟ್ಲಿ? ಬಿಸಿಲು ಬಂತು, ಹಾಸಿಗೆಗಳನ್ನ ಬಾಲ್ಕನಿ ಕಂಬಿ ಮೇಲೆ ಒಣಹಾಕಿದೀನಿ. ಬುಧವಾರನೂ ಹಾಕಿದ್ದೆ. ಮಳೆ ಇದ್ರೆ ಇಲ್ಲೇ ಗೋಡೆಗೆ ಒಟ್ಟಿರ್ತೀನಿ.”

ಹಾಗಾದರೆ ಗೋಡೆಯ ಮಾರ್ದನಿಯನ್ನು ಹೀರಿ ಪಿಯಾನೊವನ್ನು ಮೆತ್ತಗಾಗಿಸಿದ್ದು ಈ ಹತ್ತಿ! ತೀರ್ಪು ಕೊಟ್ಟಿದ್ದು ಪೆಟ್ಟಿಗೆಯಲ್ಲ, ಹಾಸಿಗೆ. ಇದು ಹೊರಬಿದ್ದರೆ ಸಂಘದಲ್ಲಿ ಮುಖ ತೋರಿಸುವುದು ಹೇಗೆ? “ಅಯ್ಯೋ, ಇನ್ನೂ ಒಣಗಿಲ್ಲ ಕಣ್ರೀ!” ಎಂದು ಸುಮಿಯೆ ಕೂಗುತ್ತಿದ್ದರೂ ಬಿಡದೆ ಆರೂ ಹಾಸಿಗೆ ಹೊತ್ತು ತಂದು ಗೋಡೆಗೆ ಒಟ್ಟಿದರು.

ಸಂಘದವರು ಬಂದರು. ಆಕ್ಟಿವ್ ಪಕ್ಷದ ಕಟ್ಟಾಳು ಇಶಿಗುರೊ ಮುಂದೆಯೇ ಕೂತರು. ಪಿಯಾನೊ ಬೆಣ್ಣೆಯಂತೆ ಇಳಿಯಿತು. ಎಲ್ಲರೂ ತಲೆದೂಗಿದರು, ತೊಕುನಾಗ ಬಾಗಿ ವಂದಿಸಿದರು. ಆಗ ಇಶಿಗುರೊ ಎದ್ದು, ಪೆಟ್ಟಿಗೆಯತ್ತ ತಿರುಗಿಯೂ ನೋಡದೆ, ಗೋಡೆಯ ಬಳಿ ಮಂಡಿಯೂರಿ ಹಾಸಿಗೆಯನ್ನು ಒತ್ತಿ ನೋಡಿದರು.

“ಅಮ್ಮಾವ್ರೇ, ದನಿ ಇಷ್ಟು ಚೆನ್ನಾಗಿರೋದು ಇದ್ರಿಂದ್ಲೇ. ಹಳೇ ಹತ್ತೀನಾ?”

ಚಹಾ ತಂದ ಸುಮಿಯೆ ಅಲ್ಲೇ ಕೂತರು. “ನಮ್ಮತ್ತೆ ಕಾಲದ್ದು. ಎರಡು ವರ್ಷಕ್ಕೊಂದ್ಸಲ ಬಿಚ್ಚಿ ಹಿಂಜಿಸ್ತೀನಿ. ಈಗಿನವು ಎತ್ತೋಕೆ ಹಗುರ, ಮಲಗಿದ್ರೆ ಬೆನ್ನು ಮುರಿಯುತ್ತೆ.”

ಸದಸ್ಯರೆಲ್ಲ ಆಕೆಯ ಸುತ್ತ ನೆರೆದರು. ಮುಂದಿನ ತಿಂಗಳ ಕಾರ್ಯಕ್ರಮ ಅಲ್ಲೇ ನಿಶ್ಚಯವಾಯಿತು: ಶ್ರೀಮತಿ ಸುಮಿಯೆಯವರಿಂದ ಹತ್ತಿಯ ಕುರಿತು ಉಪನ್ಯಾಸ, ಪ್ರಾತ್ಯಕ್ಷಿಕೆ ಸಹಿತ. ಹಾಸಿಗೆ ಹೊರುವವರು, ಶ್ರೀ ತೊಕುನಾಗ.